ಡಬ್ಬಿಯ ನಾಯಿ ಆಹಾರ: ಲೇಬಲ್‌ನಲ್ಲಿ ಯಾವ ಸಾಲನ್ನು ಮೊದಲು ಓದಬೇಕು?

ಪ್ರಶ್ನೆ: ನಮ್ಮ ನಾಯಿಗೆ 5 ವರ್ಷ, ತೂಕ 12 ಕೆಜಿ. ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದ್ದೇವೆ. ಇಷ್ಟು ದಿನ ಒಣ ಆಹಾರ, ಅಂದರೆ ಕಿಬಲ್ ತಿನ್ನುತ್ತಿತ್ತು. ಈಗ ಡಬ್ಬಿಯಲ್ಲಿ ಬರುವ ಮೆತ್ತನೆಯ ಆಹಾರ ಕೊಡಬೇಕು ಅಂತಿದ್ದೇವೆ. ಎರಡು ಡಬ್ಬಿ ತಂದು ಲೇಬಲ್ ಹೋಲಿಸಿ ನೋಡಿದೆ. ಮೊದಲನೆಯದರಲ್ಲಿ ಇರುವುದು ಚಿಕನ್, ಚಿಕನ್ ಬ್ರಾತ್, ಬಟಾಣಿ, ಆಲೂಗಡ್ಡೆ, ಬಟಾಣಿ ಪ್ರೋಟೀನ್, ಬಟಾಣಿ ಪಿಷ್ಟ, ಕ್ಯಾರೆಟ್, ಬ್ಲೂಬೆರ್ರಿ, ಉಪ್ಪು, ಅಷ್ಟೇ. ಧಾನ್ಯ ಇಲ್ಲ ಅಂತ ದೊಡ್ಡದಾಗಿ ಬರೆದಿದ್ದಾರೆ. ಪ್ರೋಟೀನ್ 8%, ಕೊಬ್ಬು 6%, ತೇವಾಂಶ 78%, 100 ಗ್ರಾಂಗೆ 97 ಕಿಲೋಕ್ಯಾಲೊರಿ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಆಗೊಮ್ಮೆ ಈಗೊಮ್ಮೆ ಅಥವಾ ಪೂರಕವಾಗಿ ಕೊಡಲು ಮಾತ್ರ’ ಅಂತಿದೆ. ಎರಡನೆಯದರಲ್ಲಿ ನೀರು, ಚಿಕನ್, ಲಿವರ್, ಮಾಂಸದ ಬೈ-ಪ್ರಾಡಕ್ಟ್, ಗೋಧಿ ಗ್ಲೂಟೆನ್, ಅಕ್ಕಿ, ಗುವಾರ್ ಗಮ್, ಕ್ಯಾರಗೀನನ್, ಆಮೇಲೆ ಬಾಯಿಗೇ ಬಾರದ ಒಂದು ರಾಶಿ ಕೆಮಿಕಲ್ ಹೆಸರುಗಳು. ಪ್ರೋಟೀನ್ 9%, ಕೊಬ್ಬು 4%, ತೇವಾಂಶ 80%, 100 ಗ್ರಾಂಗೆ 80 ಕಿಲೋಕ್ಯಾಲೊರಿ. ವಯಸ್ಕ ನಾಯಿಗಳಿಗೆ ಎಎಎಫ್‌ಸಿಒ ಹೇಳಿದ ಪೋಷಕಾಂಶಗಳ ಮಟ್ಟಕ್ಕೆ ಹೊಂದುವಂತೆ ತಯಾರಿಸಿದ್ದು ಅಂತ ಬರೆದಿದೆ. ನಮ್ಮ ಕಿಬಲ್‌ನಲ್ಲಿ ಪ್ರೋಟೀನ್ 26%, ಕೊಬ್ಬು 14%, ತೇವಾಂಶ 10%, 100 ಗ್ರಾಂಗೆ 350 ಕಿಲೋಕ್ಯಾಲೊರಿ. ನನಗೆ ಮೊದಲನೆಯ ಡಬ್ಬಿಯೇ ಶುದ್ಧ ಅನಿಸುತ್ತದೆ. ಆದರೆ ಎರಡರಲ್ಲೂ ಪ್ರೋಟೀನ್ ಇಷ್ಟು ಕಡಿಮೆ ಯಾಕೆ? ಯಾವುದು ಒಳ್ಳೆಯದು?

ಉತ್ತರ: ಮೊದಲನೆಯ ಡಬ್ಬಿಯನ್ನು ದಿನದ ಊಟವಾಗಿ ಕೊಡಬೇಡಿ. ಇವೆರಡರಲ್ಲಿ ಒಂದನ್ನು ಆರಿಸಬೇಕು ಅಂದರೆ ಎರಡನೆಯದೇ ಸರಿ.

ನೀವು ಲೇಬಲ್ ಪೂರ್ತಿ ಬರೆದು ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಆ ಸಣ್ಣ ಅಕ್ಷರದ ಸಾಲು. ‘ಪೂರಕವಾಗಿ ಕೊಡಲು ಮಾತ್ರ’ ಅಂದರೆ ನಾಯಿಗೆ ಬೇಕಾದ ಎಲ್ಲ ಪೋಷಕಾಂಶಗಳೂ ಇದರಲ್ಲಿ ಇಲ್ಲ ಅಂತ ತಯಾರಿಸಿದ ಕಂಪನಿಯೇ ಹೇಳುತ್ತಿದೆ. ಒಂದು ದಿನ, ಎರಡು ದಿನ ಕೊಟ್ಟರೆ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಅದನ್ನೇ ಹಾಕಿದರೆ ಕೊರತೆ ಶುರುವಾಗುತ್ತದೆ. ಅದು ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದ ಡಬ್ಬಿ ಕೈಗೆ ಬಂದ ಕೂಡಲೇ ಪದಾರ್ಥಗಳ ಪಟ್ಟಿಗೆ ಹೋಗಬೇಡಿ. ಮೊದಲು ಈ ಸಾಲನ್ನು ಹುಡುಕಿ.

ಎಎಎಫ್‌ಸಿಒ ಅನ್ನುವುದು ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘ. ನಾಯಿಯ ಆಹಾರದಲ್ಲಿ ಯಾವ ಪೋಷಕಾಂಶ ಕನಿಷ್ಠ ಎಷ್ಟಿರಬೇಕು, ಕೆಲವು ಗರಿಷ್ಠ ಎಷ್ಟಿರಬಹುದು ಅನ್ನುವ ಪಟ್ಟಿಯನ್ನು ಅದು ಕೊಡುತ್ತದೆ. ಯುರೋಪಿನಲ್ಲಿ ಇದೇ ಥರದ ಮಾರ್ಗಸೂಚಿ ಕೊಡುವುದು ಫೆಡಿಯಾಫ್ ಅನ್ನುವ ಒಕ್ಕೂಟ. ಅಲ್ಲಿಯ ಡಬ್ಬಿಗಳ ಮೇಲೆ ‘ಸಂಪೂರ್ಣ ಆಹಾರ’ ಅಥವಾ ‘ಪೂರಕ ಆಹಾರ’ ಅಂತ ಇರುತ್ತದೆ. ಒಂದು ವಿಷಯ ಗಮನದಲ್ಲಿಡಿ. ಎಎಎಫ್‌ಸಿಒ ಯಾವ ಆಹಾರವನ್ನೂ ಪರೀಕ್ಷಿಸುವುದಿಲ್ಲ, ಯಾವುದಕ್ಕೂ ಸರ್ಟಿಫಿಕೇಟ್ ಕೊಡುವುದಿಲ್ಲ. ‘ಎಎಎಫ್‌ಸಿಒ ಒಪ್ಪಿದ್ದು’ ಅಂತ ಯಾರಾದರೂ ಹೇಳಿದರೆ ಅದು ತಪ್ಪು ಮಾತು. ಅವರ ಪಟ್ಟಿಗೆ ಹೊಂದುತ್ತದೆ ಅಂತ ಕಂಪನಿ ತನ್ನ ಜವಾಬ್ದಾರಿಯಲ್ಲಿ ಹೇಳಿಕೊಳ್ಳುತ್ತದೆ, ಅಷ್ಟೇ.

ಹಾಗೆ ಹೇಳಿಕೊಳ್ಳಲು ಮುಖ್ಯವಾಗಿ ಎರಡು ದಾರಿ ಇವೆ. ಒಂದು, ನಿಮ್ಮ ಎರಡನೆಯ ಡಬ್ಬಿಯ ಹಾಗೆ, ಪೋಷಕಾಂಶಗಳ ಪಟ್ಟಿಗೆ ಹೊಂದುವಂತೆ ತಯಾರಿಸಿದ್ದು. ಇನ್ನೊಂದು, ನಾಯಿಗಳಿಗೆ ತಿನ್ನಿಸಿ ನೋಡಿದ್ದು. ವಯಸ್ಕ ನಾಯಿಗಳ ಆಹಾರಕ್ಕೆ ಕನಿಷ್ಠ 8 ನಾಯಿಗಳಿಗೆ 26 ವಾರ ಇದೊಂದೇ ಆಹಾರ ಕೊಡಬೇಕು. ತೂಕ ನೋಡಬೇಕು, ರಕ್ತ ಪರೀಕ್ಷೆ ಮಾಡಬೇಕು. ಕೇಳಲು ಎರಡನೆಯ ದಾರಿಯೇ ಗಟ್ಟಿ ಅನಿಸುತ್ತದೆ, ಅಲ್ವಾ? ಆದರೆ ಅರ್ಧ ವರ್ಷದಲ್ಲಿ ಕಾಣಿಸದ ಕೊರತೆಗಳೂ ಇರುತ್ತವೆ. ಲೆಕ್ಕ ಹಾಕಿ ತಯಾರಿಸಿದ ಆಹಾರದಲ್ಲಿ ಅಂಕಿ ಸರಿ ಇದ್ದರೂ ಅದೆಲ್ಲ ದೇಹಕ್ಕೆ ಹಿಡಿಯುತ್ತದೆಯೇ ಅನ್ನುವ ಪ್ರಶ್ನೆ ಉಳಿಯುತ್ತದೆ. ನನಗೆ ಎರಡೂ ಒಪ್ಪಿಗೆ. ಇವೆರಡರಲ್ಲಿ ಯಾವುದೂ ಇಲ್ಲದ ಡಬ್ಬಿ ಮಾತ್ರ ದಿನದ ಊಟಕ್ಕೆ ಒಪ್ಪಿಗೆ ಇಲ್ಲ.

ಆ ಸಾಲಿನಲ್ಲೇ ಯಾವ ವಯಸ್ಸಿಗೆ ಅಂತಲೂ ಇರುತ್ತದೆ. ನಿಮ್ಮದು ವಯಸ್ಕ ನಾಯಿ, ಹಾಗಾಗಿ ಎರಡನೆಯದು ಹೊಂದುತ್ತದೆ. ಮನೆಯಲ್ಲಿ ಮರಿ ಇರುವವರು ‘ಬೆಳವಣಿಗೆಗೆ’ ಅಥವಾ ‘ಎಲ್ಲ ವಯಸ್ಸಿಗೆ’ ಅಂತ ಇರುವುದನ್ನೇ ತರಬೇಕು. ಮರಿ ದೊಡ್ಡ ಜಾತಿಯದಾಗಿದ್ದರೆ, ಅಂದರೆ ಬೆಳೆದ ಮೇಲೆ ಸುಮಾರು 32 ಕೆಜಿ ಅಥವಾ ಅದಕ್ಕಿಂತ ಹೆಚ್ಚು ತೂಗುವಂಥದ್ದಾದರೆ, ದೊಡ್ಡ ಜಾತಿಯ ಮರಿಗಳಿಗೂ ಆಗುತ್ತದೆ ಅಂತ ಬೇರೆಯಾಗಿ ಬರೆದಿರಬೇಕು. ಅಂಥ ಮರಿಗಳಿಗೆ ಕ್ಯಾಲ್ಸಿಯಂ ಜಾಸ್ತಿಯಾದರೂ ಮೂಳೆ ಕೆಡುತ್ತದೆ.

ಈಗ ನಿಮಗೆ ಮೊದಲನೆಯ ಡಬ್ಬಿ ಯಾಕೆ ಇಷ್ಟವಾಯಿತು ಅನ್ನುವುದಕ್ಕೆ ಬರೋಣ. ಪಟ್ಟಿ ಚಿಕ್ಕದು, ಎಲ್ಲ ಹೆಸರೂ ಗೊತ್ತಿರುವುದೇ. ಎರಡನೆಯದರಲ್ಲಿ ಕೆಮಿಕಲ್ ಹೆಸರುಗಳ ರಾಶಿ. ಹೀಗೆ ಯೋಚಿಸುವವರು ತುಂಬಾ ಜನ. ಪ್ರೀತಿಯಿಂದಲೇ ಹಾಗೆ ಯೋಚಿಸುತ್ತಾರೆ, ಅದು ನನಗೆ ಗೊತ್ತು. ಆದರೆ ಇಂಥ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಇರುವ ಆ ಥರದ ಹೆಸರುಗಳನ್ನು ಒಂದೊಂದಾಗಿ ನೋಡಿ. ಥಯಾಮಿನ್ ಮೊನೊನೈಟ್ರೇಟ್ ಅಂದರೆ ಬಿ1 ವಿಟಮಿನ್. ಪಿರಿಡಾಕ್ಸಿನ್ ಹೈಡ್ರೋಕ್ಲೋರೈಡ್ ಅಂದರೆ ಬಿ6. ಕೋಲೆಕ್ಯಾಲ್ಸಿಫೆರಾಲ್ ಅಂದರೆ ಡಿ3. ಜಿಂಕ್ ಸಲ್ಫೇಟ್, ಪೊಟ್ಯಾಸಿಯಂ ಅಯೊಡೈಡ್, ಕ್ಯಾಲ್ಸಿಯಂ ಕಾರ್ಬೊನೇಟ್ ಇವೆಲ್ಲ ಖನಿಜಗಳು. ನೀವು ಹೆದರಿದ ಆ ರಾಶಿಯೇ ಈ ಆಹಾರವನ್ನು ಪೂರ್ತಿ ಊಟ ಮಾಡಿರುವುದು. ಮೊದಲನೆಯ ಡಬ್ಬಿಯಲ್ಲಿ ಅದೇ ಇಲ್ಲ.

ಮಾಂಸ, ತರಕಾರಿ ಇದ್ದರೆ ಸಾಲದೇ ಅಂತ ಕೇಳಬಹುದು. ಸಾಲುವುದಿಲ್ಲ. ಮೂಳೆ ಇಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ರಂಜಕ ಅದರ 10 ಪಟ್ಟಿಗಿಂತಲೂ ಜಾಸ್ತಿ ಇರುತ್ತದೆ. ನಾಯಿಗೆ ಬೇಕಾದದ್ದು ಕ್ಯಾಲ್ಸಿಯಂ ಕನಿಷ್ಠ ರಂಜಕದಷ್ಟು, ಹೆಚ್ಚೆಂದರೆ ಅದರ ಎರಡರಷ್ಟು. ಊಟದಲ್ಲಿ ಸಿಗದ ಕ್ಯಾಲ್ಸಿಯಂ ಅನ್ನು ದೇಹ ತನ್ನ ಮೂಳೆಯಿಂದಲೇ ತೆಗೆಯುತ್ತದೆ. ಮರಿಗಳಲ್ಲಿ ಇದರಿಂದ ಮೂಳೆ ಬಾಗುತ್ತದೆ, ಮುರಿಯುತ್ತದೆ. ಅಯೋಡಿನ್, ಸತು, ತಾಮ್ರ, ವಿಟಮಿನ್ ಡಿ, ವಿಟಮಿನ್ ಇ ಕೂಡ ಮಾಂಸ, ಬಟಾಣಿ, ಕ್ಯಾರೆಟ್‌ಗಳಿಂದ ಬೇಕಾದಷ್ಟು ಬರುವುದಿಲ್ಲ.

ಡಬ್ಬಿಯ ಆಹಾರಕ್ಕೆ ವಿಟಮಿನ್ ಸೇರಿಸಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಡಬ್ಬಿಯನ್ನು ಮುಚ್ಚಿದ ಮೇಲೆ ಒತ್ತಡದಲ್ಲಿ, ಸುಮಾರು 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಬಾಟುಲಿಸಂ ಅನ್ನುವ ವಿಷದ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಸಾಯಬೇಕಾದರೆ ಅಷ್ಟು ಶಾಖ ಬೇಕೇ ಬೇಕು. ಅದೇ ಕಾರಣಕ್ಕೆ ಡಬ್ಬಿಯ ಆಹಾರ ಕೆಡದಂತೆ ಇಡಲು ಪ್ರಿಸರ್ವೇಟಿವ್ ಬೇಕಾಗುವುದಿಲ್ಲ. ಹಾಗಾಗಿ ‘ಪ್ರಿಸರ್ವೇಟಿವ್ ಇಲ್ಲ’ ಅನ್ನುವುದು ಡಬ್ಬಿಯ ಮೇಲೆ ದೊಡ್ಡ ವಿಷಯವೇ ಅಲ್ಲ. ಆದರೆ ಆ ಶಾಖಕ್ಕೆ ಬಿ1 ವಿಟಮಿನ್ ತುಂಬಾ ಹಾಳಾಗುತ್ತದೆ. ಒಳ್ಳೆಯ ಕಂಪನಿ ಇದನ್ನು ಲೆಕ್ಕ ಹಾಕಿ, ಹಾಳಾಗುವಷ್ಟನ್ನು ಮೊದಲೇ ಜಾಸ್ತಿ ಸೇರಿಸುತ್ತದೆ. ಬಿ1 ತೀರಾ ಕಡಿಮೆಯಾದರೆ ನಾಯಿ ಊಟ ಬಿಡುತ್ತದೆ, ತೂರಾಡುತ್ತದೆ, ಫಿಟ್ಸ್ ಕೂಡ ಬರಬಹುದು. ನಿಮ್ಮ ಎರಡನೆಯ ಡಬ್ಬಿಯಲ್ಲಿ ಬಿ1 ಸೇರಿಸಿದ್ದಾರೆಯೇ ಅಂತ ಆ ಕೆಮಿಕಲ್ ಹೆಸರುಗಳ ನಡುವೆ ಹುಡುಕಿ ನೋಡಿ.

ಮುಂದಿನದು ನಿಮ್ಮ ನಿಜವಾದ ಪ್ರಶ್ನೆ. 26% ಎಲ್ಲಿ, 8% ಎಲ್ಲಿ? ಪ್ರೋಟೀನ್ ಯಾಕೆ ಇಷ್ಟು ಕಡಿಮೆ?

ಕಡಿಮೆ ಇಲ್ಲ. ನೀರು ಜಾಸ್ತಿ ಇದೆ. ಕಿಬಲ್‌ನ 26% ಜೊತೆ ಡಬ್ಬಿಯ 8% ಹೋಲಿಸುವುದು, ಒಣ ಬಟ್ಟೆ ಮತ್ತು ಒದ್ದೆ ಬಟ್ಟೆಯನ್ನು ತಕ್ಕಡಿಯಲ್ಲಿಟ್ಟು ಯಾವುದರಲ್ಲಿ ನೂಲು ಎಷ್ಟು ಅಂತ ಕೇಳಿದ ಹಾಗೆ. ನೀರನ್ನು ಬದಿಗಿಟ್ಟು ಲೆಕ್ಕ ಹಾಕಬೇಕು. 100ರಿಂದ ತೇವಾಂಶವನ್ನು ಕಳೆಯಿರಿ. ಉಳಿದದ್ದು ಒಣ ಭಾಗ. ಪ್ರೋಟೀನ್ ಅಂಕಿಯನ್ನು ಆ ಒಣ ಭಾಗದಿಂದ ಭಾಗಿಸಿ 100ರಿಂದ ಗುಣಿಸಿ.

ಮೊದಲನೆಯ ಡಬ್ಬಿಯ ಒಣ ಭಾಗ 22. 8 ಭಾಗಿಸು 22, ಅಂದರೆ 36%. ಎರಡನೆಯದರ ಒಣ ಭಾಗ 20. 9 ಭಾಗಿಸು 20, ಅಂದರೆ 45%. ಕಿಬಲ್‌ನ ಒಣ ಭಾಗ 90. 26 ಭಾಗಿಸು 90, ಅಂದರೆ 29%. ನೋಡಿ, ಇಡೀ ಲೆಕ್ಕವೇ ತಲೆಕೆಳಗಾಯಿತು. ವಯಸ್ಕ ನಾಯಿಗೆ ಎಎಎಫ್‌ಸಿಒ ಹೇಳುವ ಕನಿಷ್ಠ ಒಣ ಭಾಗದಲ್ಲಿ 18%, ಬೆಳೆಯುವ ಮರಿಗೆ 22.5%. ಮೂರೂ ಅದಕ್ಕಿಂತ ಮೇಲೇ ಇವೆ. ತೇವಾಂಶ ಎರಡು ಮೂರು ಅಂಕಿ ಹೆಚ್ಚುಕಡಿಮೆ ಆದರೂ ಡಬ್ಬಿಯ ಆಹಾರದಲ್ಲಿ ಉತ್ತರ ಬಹಳ ಬದಲಾಗುತ್ತದೆ. ಅದಕ್ಕೇ ಎರಡು ಡಬ್ಬಿಗಳನ್ನು ತಮ್ಮತಮ್ಮಲ್ಲಿ ಹೋಲಿಸುವಾಗಲೂ ಈ ಲೆಕ್ಕ ಬಿಡಬೇಡಿ.

ಇದಕ್ಕಿಂತ ಒಳ್ಳೆಯ ಲೆಕ್ಕ ಇನ್ನೊಂದಿದೆ, ನಾನು ಯಾವಾಗಲೂ ಬಳಸುವುದು ಅದನ್ನೇ. 1000 ಕಿಲೋಕ್ಯಾಲೊರಿಗೆ ಎಷ್ಟು ಗ್ರಾಂ ಅಂತ ನೋಡುವುದು. ನಾಯಿ ತಿನ್ನುವುದು ತನಗೆ ಬೇಕಾದ ಕ್ಯಾಲೊರಿಯಷ್ಟು. ಆ ಕ್ಯಾಲೊರಿ ಜೊತೆ ಏನೇನು ಹೊಟ್ಟೆಗೆ ಹೋಯಿತು ಅನ್ನುವುದೇ ಮುಖ್ಯ. 100 ಗ್ರಾಂನಲ್ಲಿರುವ ಪ್ರೋಟೀನನ್ನು 100 ಗ್ರಾಂನ ಕ್ಯಾಲೊರಿಯಿಂದ ಭಾಗಿಸಿ 1000ದಿಂದ ಗುಣಿಸಿ. ಮೊದಲನೆಯ ಡಬ್ಬಿಗೆ ಸುಮಾರು 82 ಗ್ರಾಂ, ಎರಡನೆಯದಕ್ಕೆ 112, ನಿಮ್ಮ ಕಿಬಲ್‌ಗೆ 74. ಕನಿಷ್ಠ ಬೇಕಾದದ್ದು 45 ಗ್ರಾಂ. ಕೊಬ್ಬನ್ನೂ ಹೀಗೇ ನೋಡಿ. ಮೊದಲನೆಯದರಲ್ಲಿ ಸುಮಾರು 62 ಗ್ರಾಂ, ಎರಡನೆಯದರಲ್ಲಿ 50, ಕಿಬಲ್‌ನಲ್ಲಿ 40. ಲೇಬಲ್‌ನಲ್ಲಿ 6% ಅಂತ ಕಂಡ ಕೊಬ್ಬು ಕಿಬಲ್‌ನ 14%ಗಿಂತ ಒಂದೂವರೆ ಪಟ್ಟು ಆಯಿತು. ಆರೋಗ್ಯವಾಗಿರುವ ನಾಯಿಗೆ ಇದರಿಂದ ತೊಂದರೆ ಇಲ್ಲ. ಆದರೆ ಹಿಂದೆ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ ಆಗಿದ್ದ ನಾಯಿಗೆ ಅಪಾಯ. ಅಂಥ ನಾಯಿಗಳಿಗೆ ನಾವು ಸಾಮಾನ್ಯವಾಗಿ 1000 ಕಿಲೋಕ್ಯಾಲೊರಿಗೆ ಕೊಬ್ಬು 30 ಗ್ರಾಂ ಒಳಗಿರುವ ಆಹಾರ ಹುಡುಕುತ್ತೇವೆ. ನಿಮ್ಮ ಎರಡು ಡಬ್ಬಿಗಳೂ ಅದಕ್ಕೆ ಆಗುವುದಿಲ್ಲ.

ಒಂದು ಎಚ್ಚರಿಕೆ ಸೇರಿಸುತ್ತೇನೆ. ಲೇಬಲ್‌ನ ಪ್ರೋಟೀನ್, ಕೊಬ್ಬು ಸಾಮಾನ್ಯವಾಗಿ ‘ಕನಿಷ್ಠ ಇಷ್ಟು’ ಅನ್ನುವ ಅಂಕಿ. ನಾರು, ತೇವಾಂಶ ‘ಗರಿಷ್ಠ ಇಷ್ಟು’. ನಿಜವಾಗಿ ಡಬ್ಬಿಯೊಳಗೆ ಇರುವುದು ಸ್ವಲ್ಪ ಬೇರೆ ಇರಬಹುದು. ಅಂದಾಜಿಗೆ ಇದು ಸಾಕು. ಕಾಯಿಲೆ ಇರುವ ನಾಯಿಗೆ ಸಾಲದು, ಆಗ ಕಂಪನಿಯಿಂದ ಸರಾಸರಿ ಅಂಕಿಗಳನ್ನು ತರಿಸಿಕೊಳ್ಳಬೇಕು.

ಪದಾರ್ಥಗಳ ಪಟ್ಟಿ ಈಗ ಬರಲಿ. ಅದನ್ನು ತೂಕದ ಪ್ರಕಾರ, ಜಾಸ್ತಿ ಇರುವುದು ಮೊದಲು ಬರುವಂತೆ ಬರೆಯುತ್ತಾರೆ. ಬೇಯಿಸುವ ಮೊದಲಿನ ತೂಕ ಅದು, ನೀರೂ ಸೇರಿದ ತೂಕ. ಹಸಿ ಚಿಕನ್‌ನಲ್ಲಿ ಸುಮಾರು 70% ನೀರೇ ಇರುತ್ತದೆ. ಆದ್ದರಿಂದ ಚಿಕನ್ ಮೊದಲು ಬಂದರೆ ಆಹಾರದ ಹೆಚ್ಚಿನ ಭಾಗ ಚಿಕನ್ ಪ್ರೋಟೀನ್ ಅಂತ ಅರ್ಥವಲ್ಲ. ಎರಡನೆಯ ಡಬ್ಬಿಯಲ್ಲಿ ನೀರು ಮೊದಲು ಬಂದಿದೆ ಅಂತ ನಿಮಗೆ ಬೇಸರ ಆಗಿರಬೇಕು. ಮೊದಲನೆಯದರಲ್ಲಿ ಎರಡನೇ ಸ್ಥಾನದಲ್ಲಿರುವ ಚಿಕನ್ ಬ್ರಾತ್ ಏನು? ಅದೂ ಹೆಚ್ಚುಕಡಿಮೆ ನೀರೇ. ಡಬ್ಬಿಯ ಆಹಾರ ಮಾಡಲು ನೀರು ಬೇಕೇ ಬೇಕು. ಒಬ್ಬರು ನೀರು ಅಂತ ನೇರವಾಗಿ ಬರೆದಿದ್ದಾರೆ, ಇನ್ನೊಬ್ಬರು ಬ್ರಾತ್ ಹಾಕಿದ್ದಾರೆ.

ಅದೇ ಪಟ್ಟಿಯಲ್ಲಿ ಬಟಾಣಿ, ಬಟಾಣಿ ಪ್ರೋಟೀನ್, ಬಟಾಣಿ ಪಿಷ್ಟ ಅಂತ ಮೂರು ಕಡೆ ಬಂದಿದೆ. ಒಂದೇ ಬಟಾಣಿಯನ್ನು ಮೂರು ಹೆಸರಾಗಿ ಒಡೆದಾಗ ಪ್ರತಿಯೊಂದರ ತೂಕವೂ ಚಿಕ್ಕದಾಗಿ ಕಂಡು ಕೆಳಗೆ ಇಳಿಯುತ್ತದೆ. ಮೂರನ್ನೂ ಕೂಡಿಸಿದರೆ ಬಟಾಣಿ ಎಷ್ಟು ಮೇಲೆ ಬರುತ್ತಿತ್ತೋ! ಆ ಡಬ್ಬಿಯ ಪ್ರೋಟೀನ್‌ನಲ್ಲಿ ಒಂದು ಪಾಲು ಚಿಕನ್‌ನದಲ್ಲ, ಬಟಾಣಿಯದು. ಬಟಾಣಿ ಪ್ರೋಟೀನ್ ಕೆಟ್ಟದ್ದಲ್ಲ. ಆದರೆ ಅದರಲ್ಲಿ ಮೆಥಿಯೊನೈನ್ ಅನ್ನುವ ಅಮೈನೊ ಆಮ್ಲ ಕಡಿಮೆ. ನಾಯಿಯ ದೇಹ ಹೃದಯಕ್ಕೆ ಬೇಕಾದ ಟಾರಿನ್ ತಯಾರಿಸುವುದು ಮೆಥಿಯೊನೈನ್ ಮತ್ತು ಸಿಸ್ಟೀನ್‌ನಿಂದ.

‘ಧಾನ್ಯ ಇಲ್ಲ’ ಅನ್ನುವ ಮಾತು ಇಲ್ಲಿಗೇ ಸೇರುತ್ತದೆ. ನಾಯಿಗಳು ಬೇಯಿಸಿದ ಅಕ್ಕಿ, ಗೋಧಿ, ಜೋಳವನ್ನು ಚೆನ್ನಾಗಿ ಅರಗಿಸಿಕೊಳ್ಳುತ್ತವೆ. ಧಾನ್ಯ ತೆಗೆದರೆ ಆಹಾರ ತಾನಾಗಿ ಉತ್ತಮವಾಗುವುದಿಲ್ಲ. ಅದರ ಜಾಗಕ್ಕೆ ಬಟಾಣಿ, ಆಲೂಗಡ್ಡೆ, ಬೇಳೆ ಬರುತ್ತವೆ. 2018ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬಟಾಣಿ, ಬೇಳೆ, ಆಲೂಗಡ್ಡೆ ಮುಖ್ಯವಾಗಿರುವ ಆಹಾರ ತಿಂದ ಕೆಲವು ನಾಯಿಗಳಲ್ಲಿ ಡಿಸಿಎಂ ಅನ್ನುವ ಹೃದಯದ ಕಾಯಿಲೆ ಕಾಣಿಸಿದೆ ಅಂತ ತಿಳಿಸಿ ತನಿಖೆ ಶುರುಮಾಡಿತು. ಆಹಾರವೇ ಕಾರಣ ಅಂತ ಇನ್ನೂ ಖಚಿತವಾಗಿಲ್ಲ. ಆದರೂ ನಾಯಿಗೆ ಒಂದು ನಿರ್ದಿಷ್ಟ ಧಾನ್ಯದ ಅಲರ್ಜಿ ಇದೆ ಅಂತ ಪಕ್ಕಾ ಆಗದ ಹೊರತು ಧಾನ್ಯ ಬಿಡಿಸಲು ನಾನು ಹೇಳುವುದಿಲ್ಲ. ನಾಯಿಗಳಲ್ಲಿ ಆಹಾರದ ಅಲರ್ಜಿ ಬಂದರೆ ಹೆಚ್ಚಾಗಿ ಅದು ದನದ ಮಾಂಸ, ಹಾಲಿನ ಪದಾರ್ಥ, ಚಿಕನ್‌ನಂಥ ಪ್ರೋಟೀನ್‌ಗಳಿಂದ. ಗೋಧಿಯೂ ಆ ಸಾಲಿನಲ್ಲಿದೆ, ಆದರೆ ಅದೊಂದೇ ಅಲ್ಲ.

ಬೈ-ಪ್ರಾಡಕ್ಟ್ ಅಂದರೆ ಕಸ ಅಂತ ತುಂಬಾ ಜನ ನಂಬಿದ್ದಾರೆ. ಎಎಎಫ್‌ಸಿಒ ವ್ಯಾಖ್ಯೆಯ ಪ್ರಕಾರ ಮಾಂಸದ ಬೈ-ಪ್ರಾಡಕ್ಟ್ ಅಂದರೆ ಲಿವರ್, ಕಿಡ್ನಿ, ಶ್ವಾಸಕೋಶ, ಗುಲ್ಮ, ಒಳಗಿನದನ್ನು ತೆಗೆದು ಶುಚಿ ಮಾಡಿದ ಹೊಟ್ಟೆ ಮತ್ತು ಕರುಳು ಇಂಥವು. ಕೂದಲು, ಕೊಂಬು, ಹಲ್ಲು, ಗೊರಸು ಇದರಲ್ಲಿ ಸೇರಬಾರದು. ಬೇಟೆಯಾಡುವ ಪ್ರಾಣಿಗಳು ಇವನ್ನೂ ತಿನ್ನುತ್ತವೆ. ಲಿವರ್‌ನಲ್ಲಿ ವಿಟಮಿನ್ ಎ, ಬಿ12, ಕಬ್ಬಿಣ, ತಾಮ್ರ ಬರೀ ಮಾಂಸಕ್ಕಿಂತ ಎಷ್ಟೋ ಜಾಸ್ತಿ. ನನ್ನ ತಕರಾರು ಇರುವುದು ಬೇರೆ ವಿಷಯಕ್ಕೆ. ಯಾವ ಪ್ರಾಣಿಯದು ಅಂತ ಹೇಳದೆ ಬರೀ ‘ಮಾಂಸ’ ಅಂತ ಬರೆದರೆ, ಒಂದು ಸಲ ತಯಾರಿಸಿದ ಡಬ್ಬಿಗೂ ಇನ್ನೊಂದು ಸಲದ್ದಕ್ಕೂ ವ್ಯತ್ಯಾಸ ಆಗಬಹುದು. ಯುರೋಪಿನ ಲೇಬಲ್‌ಗಳಲ್ಲಿ ‘ಮಾಂಸ ಮತ್ತು ಪ್ರಾಣಿಜನ್ಯ ಪದಾರ್ಥಗಳು’ ಅಂತ ಒಟ್ಟಿಗೆ ಬರೆಯಲು ಅವಕಾಶ ಇರುವುದರಿಂದ ಅಲ್ಲೂ ಇದೇ ತೊಂದರೆ. ಹೊಟ್ಟೆ ಸೂಕ್ಷ್ಮ ಇರುವ, ಅಲರ್ಜಿ ಇರುವ ನಾಯಿಗಳಿಗೆ ಇದು ಮುಖ್ಯ. ನಿಮ್ಮ ನಾಯಿಗೆ ಅಂಥದ್ದೇನೂ ಇಲ್ಲ ಅಂದರೆ ಚಿಂತೆ ಬೇಡ.

ಗೋಧಿ ಗ್ಲೂಟೆನ್ ಅಂದರೆ ಗೋಧಿಯಿಂದ ಬೇರ್ಪಡಿಸಿದ ಪ್ರೋಟೀನ್. ಚೆನ್ನಾಗಿ ಅರಗುತ್ತದೆ, ಆದರೆ ಅದರಲ್ಲಿ ಲೈಸಿನ್ ಅನ್ನುವ ಅಮೈನೊ ಆಮ್ಲ ಕಡಿಮೆ. ಮಾಂಸದ ಜೊತೆ ಇದ್ದರೆ ಆ ಕೊರತೆ ತುಂಬುತ್ತದೆ. ಗ್ರೇವಿಯಲ್ಲಿ ತೇಲುವ ತುಂಡುಗಳನ್ನು ಹೆಚ್ಚಾಗಿ ಮಾಂಸವನ್ನು ನುಣ್ಣಗೆ ರುಬ್ಬಿ, ಗ್ಲೂಟೆನ್ ಸೇರಿಸಿ, ಬೇಯಿಸಿ, ಕತ್ತರಿಸಿ ಮಾಡಿರುತ್ತಾರೆ. ನೋಡಲು ಮಾಂಸದ ಹೋಳಿನ ಹಾಗೇ ಇರುತ್ತವೆ. ಅದಕ್ಕೇ ಡಬ್ಬಿ ತೆರೆದು ಕಣ್ಣಲ್ಲಿ ನೋಡಿ ಗುಣಮಟ್ಟ ಹೇಳಲು ಹೋಗಬೇಡಿ. ನಾಯಿ ಚಪ್ಪರಿಸಿ ತಿಂದಿತು ಅನ್ನುವುದೂ ಪುರಾವೆಯಲ್ಲ. ಗುವಾರ್ ಗಮ್ ಗೋರಿಕಾಯಿ ಬೀಜದ ಅಂಟು, ಕ್ಯಾರಗೀನನ್ ಕಡಲ ಪಾಚಿಯದು. ಇವು ಆಹಾರವನ್ನು ಗಟ್ಟಿಯಾಗಿ ಹಿಡಿದಿಡುತ್ತವೆ. ಗಮ್ ಜಾಸ್ತಿ ಇರುವ ಡಬ್ಬಿ ಕೆಲವು ನಾಯಿಗಳಿಗೆ ಹೊಟ್ಟೆ ಸಡಿಲ ಮಾಡುತ್ತದೆ. ಹಾಗಾದರೆ ಬೇರೆ ಗಮ್ ಇರುವುದನ್ನು ನೋಡಿ. ಕ್ಯಾರಗೀನನ್ ಬಗ್ಗೆ ಭಯ ಹರಡಿದೆ. ಪ್ರಯೋಗಗಳಲ್ಲಿ ಕರುಳಿಗೆ ಹಾನಿ ಮಾಡಿದ್ದು ಮುಖ್ಯವಾಗಿ ಆಸಿಡ್‌ನಿಂದ ಒಡೆದ ಅದರ ಬೇರೆ ರೂಪ, ಆಹಾರಕ್ಕೆ ಹಾಕುವುದು ಅದಲ್ಲ. ಪಟ್ಟಿಯಲ್ಲಿ ಈರುಳ್ಳಿ ಪುಡಿ ಕಂಡರೆ ಮಾತ್ರ ಆ ಡಬ್ಬಿ ಬಿಟ್ಟುಬಿಡಿ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಡಬ್ಬಿಯ ಹೆಸರಿಗೂ ಲೆಕ್ಕ ಇದೆ. ಅಮೆರಿಕದ ನಿಯಮದಲ್ಲಿ ‘ಚಿಕನ್ ಡಾಗ್ ಫುಡ್’ ಅಂತ ಇದ್ದರೆ, ಸೇರಿಸಿದ ನೀರು ಬಿಟ್ಟು 95% ಚಿಕನ್ ಇರಬೇಕು. ‘ಚಿಕನ್ ಡಿನ್ನರ್’, ‘ಚಿಕನ್ ಎಂಟ್ರೀ’ ಅಂದರೆ 25% ಸಾಕು. ‘ವಿತ್ ಚಿಕನ್’ ಅಂದರೆ ಬರೀ 3%. ‘ಚಿಕನ್ ಫ್ಲೇವರ್’ ಅಂದರೆ ರುಚಿ ಗೊತ್ತಾದರೆ ಆಯಿತು. ಯುರೋಪಿನಲ್ಲಿ ‘ವಿತ್ ಚಿಕನ್’ಗೆ ಕನಿಷ್ಠ 4%, ‘ರಿಚ್ ಇನ್ ಚಿಕನ್’ಗೆ 14%. ಪ್ರೀಮಿಯಂ, ಹೋಲಿಸ್ಟಿಕ್ ಅನ್ನುವ ಮಾತುಗಳಿಗೆ ಎಎಎಫ್‌ಸಿಒ ನಿಯಮಗಳಲ್ಲಿ ಯಾವ ವ್ಯಾಖ್ಯೆಯೂ ಇಲ್ಲ. ಅವನ್ನು ನೋಡಿ ಹಣ ಕೊಡಬೇಡಿ.

ಇಷ್ಟೆಲ್ಲ ಓದಿದರೂ ಲೇಬಲ್‌ನಲ್ಲಿ ಕಾಣದ ಒಂದು ವಿಷಯ ಇದೆ. ಇದನ್ನು ಹೇಳದೆ ಮುಗಿಸಿದರೆ ನನಗೆ ಸಮಾಧಾನ ಇಲ್ಲ. 2007ರ ಮಾರ್ಚ್‌ನಲ್ಲಿ ಮೆನು ಫುಡ್ಸ್ ಅನ್ನುವ ಕಂಪನಿ 6 ಕೋಟಿಗೂ ಹೆಚ್ಚು ಡಬ್ಬಿ, ಪೌಚುಗಳನ್ನು ವಾಪಸ್ ಕರೆಸಿಕೊಂಡಿತು. ಅದು ಬೇರೆ ಬೇರೆ ಬ್ರ್ಯಾಂಡ್‌ಗಳಿಗೆ ನಾಯಿ, ಬೆಕ್ಕಿನ ಆಹಾರ ತಯಾರಿಸಿ ಕೊಡುತ್ತಿತ್ತು. ಚೀನಾದಿಂದ ತರಿಸಿದ ಗೋಧಿ ಗ್ಲೂಟೆನ್‌ನಲ್ಲಿ ಮೆಲಮೈನ್ ಅನ್ನುವ, ಪ್ಲಾಸ್ಟಿಕ್ ತಯಾರಿಸಲು ಬಳಸುವ ರಾಸಾಯನಿಕ ಬೆರೆಸಿದ್ದರು. ಯಾಕೆ ಗೊತ್ತಾ? ಲ್ಯಾಬ್‌ನಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಮೆಲಮೈನ್‌ನಲ್ಲಿ ಸಾರಜನಕ ತುಂಬಾ ಇದೆ, ಹಾಗಾಗಿ ಪರೀಕ್ಷೆಯಲ್ಲಿ ಪ್ರೋಟೀನ್ ಜಾಸ್ತಿ ಇದ್ದಂತೆ ಕಾಣುತ್ತದೆ. ಅದರ ಜೊತೆ ಸಯನೂರಿಕ್ ಆಮ್ಲವೂ ಸೇರಿ ನಾಯಿ, ಬೆಕ್ಕುಗಳ ಕಿಡ್ನಿಯಲ್ಲಿ ಹರಳು ಕಟ್ಟಿತು. ಎಷ್ಟೋ ಪ್ರಾಣಿಗಳು ಸತ್ತವು. ಆಮೇಲೆ 2019ರ ಜನವರಿ ಕೊನೆಯಲ್ಲಿ ಹಿಲ್ಸ್ ಕಂಪನಿ ತನ್ನ ಹಲವು ಬಗೆಯ ಡಬ್ಬಿ ನಾಯಿ ಆಹಾರವನ್ನು ವಾಪಸ್ ಪಡೆಯಿತು. ಹೊರಗಿನಿಂದ ಬಂದ ವಿಟಮಿನ್ ಮಿಶ್ರಣದಲ್ಲಿ ವಿಟಮಿನ್ ಡಿ ತೀರಾ ಜಾಸ್ತಿ ಆಗಿತ್ತು. ಈ ಎರಡೂ ಸಲ ಪದಾರ್ಥಗಳ ಪಟ್ಟಿಯನ್ನು ಎಷ್ಟೇ ಜಾಣತನದಿಂದ ಓದಿದ್ದರೂ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಹಾಗಾಗಿ ತಯಾರಿಸುವವರನ್ನೇ ಕೇಳಬೇಕು. ವಿಶ್ವದ ಸಣ್ಣ ಪ್ರಾಣಿಗಳ ಪಶುವೈದ್ಯರ ಒಕ್ಕೂಟವೂ ನಾಯಿ ಸಾಕುವವರು ಕಂಪನಿಗಳಿಗೆ ಪ್ರಶ್ನೆ ಕೇಳಬೇಕು ಅಂತಲೇ ಹೇಳುತ್ತದೆ. ಎರಡನೆಯ ಡಬ್ಬಿಯ ಕಂಪನಿಗೆ ಒಂದು ಇಮೇಲ್ ಹಾಕಿ. ಈ ಆಹಾರದ ಸೂತ್ರ ಬರೆದವರು ಯಾರು, ಅವರ ಓದು ಏನು, ಅವರು ಕಂಪನಿಯ ಕೆಲಸದಲ್ಲೇ ಇದ್ದಾರೆಯೇ ಅಂತ ಕೇಳಿ. ಸ್ವಂತ ಕಾರ್ಖಾನೆಯೇ, ಬೇರೆಯವರಿಂದ ಮಾಡಿಸುತ್ತೀರಾ? ಬರುವ ಪದಾರ್ಥಗಳನ್ನೂ ತಯಾರಾದ ಡಬ್ಬಿಗಳನ್ನೂ ಯಾವ್ಯಾವುದಕ್ಕೆ ಪರೀಕ್ಷೆ ಮಾಡುತ್ತೀರಿ? ಆಮೇಲೆ ಒಂದು ಅಂಕಿ ಕೇಳಿ: 1000 ಕಿಲೋಕ್ಯಾಲೊರಿಗೆ ಕ್ಯಾಲ್ಸಿಯಂ ಎಷ್ಟು, ರಂಜಕ ಎಷ್ಟು? ವಯಸ್ಕ ನಾಯಿಗೆ ಕನಿಷ್ಠ 1.25 ಗ್ರಾಂ ಕ್ಯಾಲ್ಸಿಯಂ, 1 ಗ್ರಾಂ ರಂಜಕ ಬೇಕು. ನನಗೆ ಈ ಕೊನೆಯ ಪ್ರಶ್ನೆ ಮೇಲೆ ಜಾಸ್ತಿ ನಂಬಿಕೆ. ತನ್ನ ಆಹಾರವನ್ನು ನಿಜವಾಗಿ ಪರೀಕ್ಷಿಸುವ ಕಂಪನಿ ಇದಕ್ಕೆ ಅಂಕಿಯಲ್ಲೇ ಉತ್ತರ ಕೊಡುತ್ತದೆ. ಬರೀ ‘ನಮ್ಮದು ಉತ್ತಮ ಗುಣಮಟ್ಟ’ ಅಂತ ಬರೆದು ಕಳಿಸಿದರೆ ಬೇರೆ ಬ್ರ್ಯಾಂಡ್ ನೋಡಿ.

ಇನ್ನು ಎಷ್ಟು ಕೊಡಬೇಕು ಅನ್ನುವ ಲೆಕ್ಕ. ಕ್ಯಾಲ್ಕ್ಯುಲೇಟರ್‌ನಲ್ಲಿ 12 ಗುಣಿಸು 12 ಗುಣಿಸು 12 ಮಾಡಿ, ಎರಡು ಸಲ ವರ್ಗಮೂಲ ಒತ್ತಿ, 70ರಿಂದ ಗುಣಿಸಿ. ಸುಮಾರು 451 ಬರುತ್ತದೆ. ಸುಮ್ಮನೆ ಮಲಗಿದ್ದರೂ ನಿಮ್ಮ ನಾಯಿಗೆ ಬೇಕಾಗುವ ಕಿಲೋಕ್ಯಾಲೊರಿ ಅದು. ಆಪರೇಷನ್ ಆದ ವಯಸ್ಕ ನಾಯಿಗೆ ಅದರ 1.6 ಪಟ್ಟು, ಅಂದರೆ ಸುಮಾರು 720. ಎರಡನೆಯ ಡಬ್ಬಿಯದನ್ನೇ ಕೊಟ್ಟರೆ ದಿನಕ್ಕೆ 900 ಗ್ರಾಂ ಬೇಕು. ಅದು ಜಾಸ್ತಿ ಅನಿಸಿದರೆ ಅರ್ಧ ಕಿಬಲ್, ಅರ್ಧ ಡಬ್ಬಿ ಮಾಡಿ. ಎರಡೂ ಸಂಪೂರ್ಣ ಆಹಾರವಾಗಿದ್ದರೆ ಬೆರೆಸಿದರೆ ಏನೂ ಕೆಡುವುದಿಲ್ಲ. ನಿಮ್ಮ ಕಿಬಲ್ ಮೇಲೂ ವಯಸ್ಕ ನಾಯಿಗೆ ಅನ್ನುವ ಸಾಲು ಇದೆಯಾ ಅಂತ ನೋಡಿಕೊಳ್ಳಿ. ಸುಮಾರು 100 ಗ್ರಾಂ ಕಿಬಲ್, 450 ಗ್ರಾಂ ಡಬ್ಬಿ ಆಹಾರ ಆಗುತ್ತದೆ. ಈಗಾಗಲೇ ತಂದಿರುವ ಮೊದಲನೆಯ ಡಬ್ಬಿಯನ್ನು ಎಸೆಯಬೇಕಿಲ್ಲ. ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ, ಅಂದರೆ ಸುಮಾರು 75 ಗ್ರಾಂನಷ್ಟನ್ನು ರುಚಿಗೆ ಅಂತ ಊಟದ ಮೇಲೆ ಹಾಕಬಹುದು. ಆಗ ಉಳಿದದ್ದನ್ನು ಅಷ್ಟು ಕಡಿಮೆ ಮಾಡಿ.

ಬದಲಾವಣೆಯನ್ನು 7ರಿಂದ 10 ದಿನ ತೆಗೆದುಕೊಂಡು ನಿಧಾನಕ್ಕೆ ಮಾಡಿ. ಡಬ್ಬಿಯಲ್ಲೇ ನೀರು ಇರುವುದರಿಂದ ನಾಯಿ ಕುಡಿಯುವ ನೀರು ಕಡಿಮೆಯಾಗುತ್ತದೆ, ಗಾಬರಿ ಬೇಡ. ತೆರೆದ ಡಬ್ಬಿಯನ್ನು ಮುಚ್ಚಿ ಫ್ರಿಜ್‌ನಲ್ಲಿಡಿ, ಮೂರು ದಿನದೊಳಗೆ ಮುಗಿಸಿ. ಉಬ್ಬಿದ ಡಬ್ಬಿಯನ್ನು, ಅಂಚಿನ ಹೊಲಿಗೆಯ ಹತ್ತಿರ ಜಜ್ಜಿದ ಡಬ್ಬಿಯನ್ನು ತೆರೆಯಲೇಬೇಡಿ. ಮೂರು ನಾಲ್ಕು ವಾರ ಆದ ಮೇಲೆ ತೂಕ ನೋಡಿ. ಪಕ್ಕೆಲುಬು ಕೈಗೆ ಸುಲಭವಾಗಿ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ತೂಕ ಏರಿದ್ದರೆ ಊಟವನ್ನು 10% ಇಳಿಸಿ, ಇಳಿದಿದ್ದರೆ ಅಷ್ಟೇ ಏರಿಸಿ. ಎರಡು ವಾರ ದಾಟಿದರೂ ಮಲ ಗಟ್ಟಿಯಾಗದಿದ್ದರೆ, ವಾಂತಿ ಇದ್ದರೆ, ಡಬ್ಬಿಯ ಬ್ಯಾಚ್ ನಂಬರ್ ಬರೆದಿಟ್ಟುಕೊಂಡು ನಿಮ್ಮ ಪಶುವೈದ್ಯರಿಗೆ ತೋರಿಸಿ.